ಆರ್ಚಿಬಾಲ್ಡ್ ಕಾಕ್ರೇನ್

ಆರ್ಚಿಬಾಲ್ಡ್ ಲೆಮನ್ ಕಾಕ್ರೇನ್ (12 ಜನವರಿ 1909 – 18 ಜೂನ್ 1988) ಸ್ಕಾಟ್ಲೆಂಡ್ ಮೂಲದ ಬ್ರಿಟಿಷ್ ವೈದ್ಯರು ಹಾಗೂ ಸಾಂಕ್ರಾಮಿಕ ರೋಗಶಾಸ್ತ್ರಜ್ಞರು. ಆರ್ಚಿ ಕಾಕ್ರೇನ್ ಎಂಬ ಹೆಸರಿನಿಂದಲೇ ಅವರು ಹೆಚ್ಚು ಪರಿಚಿತರು. ಒಂದು ಚಿಕಿತ್ಸೆಯಿಂದ ರೋಗಿಗೆ ನಿಜವಾಗಿ ಪ್ರಯೋಜನವಾಗುತ್ತದೆಯೇ ಎಂಬುದನ್ನು ವೈದ್ಯರ ಅನುಭವ, ಹಿರಿತನ ಅಥವಾ ನಂಬಿಕೆಯಿಂದ ನಿರ್ಧರಿಸಬಾರದು, ಕ್ರಮಬದ್ಧವಾದ ಪ್ರಯೋಗದಿಂದ ನಿರ್ಧರಿಸಬೇಕು ಎಂಬುದು ಅವರ ಜೀವಮಾನದ ಪ್ರತಿಪಾದನೆಯಾಗಿತ್ತು. ದಕ್ಷಿಣ ವೇಲ್ಸ್‌ನ ಕಲ್ಲಿದ್ದಲು ಗಣಿಗಾರರಲ್ಲಿ ಧೂಳಿನಿಂದ ಉಂಟಾಗುವ ಶ್ವಾಸಕೋಶದ ಕಾಯಿಲೆ ಹಾಗೂ ಅದರಿಂದ ಬರುವ ದೈಹಿಕ ಅಸಾಮರ್ಥ್ಯವನ್ನು ಕುರಿತು ಅವರು ನಡೆಸಿದ ಸಮೀಕ್ಷೆಗಳು ಸಾರ್ವಜನಿಕ ಆರೋಗ್ಯ ಸಂಶೋಧನೆಗೆ ಮಾದರಿಯಾದವು. 1972ರಲ್ಲಿ ಪ್ರಕಟವಾದ ಅವರ ಕಿರುಗ್ರಂಥವು ಇಂದು ಸಾಕ್ಷ್ಯಾಧಾರಿತ ವೈದ್ಯಪದ್ಧತಿ ಎಂದು ಕರೆಯಲಾಗುವ ಚಿಂತನೆಗೆ ಅಡಿಪಾಯ ಹಾಕಿದ ಕೃತಿಗಳಲ್ಲಿ ಒಂದು. ಅವರ ನಿಧನಾನಂತರ ಸ್ಥಾಪನೆಯಾದ ಅಂತರರಾಷ್ಟ್ರೀಯ ಸಂಸ್ಥೆ ಕಾಕ್ರೇನ್ ಕೊಲಾಬರೇಷನ್‌ಗೆ ಅವರ ಹೆಸರನ್ನೇ ಇಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಕಾಕ್ರೇನ್ ಅವರು ಸ್ಕಾಟ್ಲೆಂಡಿನ ಗಡಿನಾಡಿನಲ್ಲಿರುವ ಗ್ಯಾಲಶೀಲ್ಸ್ ಎಂಬ ಊರಿನಲ್ಲಿ ಜನಿಸಿದರು. ಉಣ್ಣೆಬಟ್ಟೆಯ ಉದ್ಯಮದಿಂದ ಸಂಪನ್ನವಾಗಿದ್ದ ಕುಟುಂಬ ಅವರದು. ಮೊದಲನೆಯ ಮಹಾಯುದ್ಧದಲ್ಲಿ, 1917ರಲ್ಲಿ, ಗಾಜಾದ ಕದನದಲ್ಲಿ ಅವರ ತಂದೆ ಮಡಿದರು. ಆಗ ಬಾಲಕನಿಗೆ ಕೇವಲ ಎಂಟು ವರ್ಷ. ಅಪಿಂಗ್‌ಹ್ಯಾಮ್ ಶಾಲೆಯಲ್ಲಿ ಓದಿದ ಅವರು ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜನ್ನು ಸೇರಿದರು. ಅಲ್ಲಿ ಪ್ರಕೃತಿ ವಿಜ್ಞಾನಗಳಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿ, ಕೆಲವು ಕಾಲ ಅದೇ ಊರಿನ ಸ್ಟ್ರೇಂಜ್‌ವೇಸ್ ಪ್ರಯೋಗಾಲಯದಲ್ಲಿ ಸಂಶೋಧನೆ ನಡೆಸಿದರು.

ಈ ಅವಧಿಯಲ್ಲಿ ಅವರನ್ನು ಒಂದು ದೈಹಿಕ ತೊಂದರೆ ಕಾಡತೊಡಗಿತು. ಅದು ಮನಸ್ಸಿಗೆ ಸಂಬಂಧಿಸಿದ್ದೆಂದು ಭಾವಿಸಿ, ಅವರು ಮನೋವಿಶ್ಲೇಷಕ ಥಿಯೊಡೋರ್ ರೈಕ್ ಅವರಲ್ಲಿ ಚಿಕಿತ್ಸೆಗೆ ಸೇರಿದರು. ನಾಜಿಗಳ ಏಳಿಗೆಯಿಂದಾಗಿ ಯಹೂದಿಯಾಗಿದ್ದ ರೈಕ್ ಅವರು ಬರ್ಲಿನ್ ತೊರೆದು ವಿಯೆನ್ನಾಕ್ಕೂ ಅಲ್ಲಿಂದ ಹೇಗ್ ನಗರಕ್ಕೂ ಹೋದಾಗ ಕಾಕ್ರೇನ್ ಅವರೂ ಹಿಂಬಾಲಿಸಿದರು. ಚಿಕಿತ್ಸೆಯಿಂದ ಅವರಿಗೆ ಹೇಳಿಕೊಳ್ಳುವಂಥ ಗುಣವೇನೂ ಕಾಣಲಿಲ್ಲ. ಆದರೆ ಜರ್ಮನ್ ಭಾಷೆ ಚೆನ್ನಾಗಿ ಕರಗತವಾಯಿತು. ಫ್ಯಾಸಿಸಂ ಬಗ್ಗೆ ತೀವ್ರವಾದ ವಿರೋಧ ಬೆಳೆಯಿತು. ಪುರಾವೆಯಿಲ್ಲದ ಸಿದ್ಧಾಂತಗಳ ವಿಷಯದಲ್ಲಿ ಒಂದು ಬಗೆಯ ಸಂದೇಹಬುದ್ಧಿಯೂ ಶಾಶ್ವತವಾಗಿ ನೆಲೆಗೊಂಡಿತು. ಈ ಮೂರೂ ಮುಂದಿನ ಜೀವನದಲ್ಲಿ ಅವರ ಉಪಯೋಗಕ್ಕೆ ಬಂದವು. 1934ರಲ್ಲಿ ಅವರು ಲಂಡನ್ನಿಗೆ ಹಿಂದಿರುಗಿ ವೈದ್ಯಕೀಯ ವ್ಯಾಸಂಗವನ್ನು ಆರಂಭಿಸಿದರು.

ಸ್ಪೇನ್ ಅಂತರ್ಯುದ್ಧ

1936ರಲ್ಲಿ ಸ್ಪೇನ್ ದೇಶದಲ್ಲಿ ಅಂತರ್ಯುದ್ಧ ಆರಂಭವಾದಾಗ ಕಾಕ್ರೇನ್ ಅವರು ವ್ಯಾಸಂಗವನ್ನು ಅರ್ಧಕ್ಕೆ ನಿಲ್ಲಿಸಿ, ಗಣರಾಜ್ಯದ ಪರವಾಗಿ ಕೆಲಸ ಮಾಡುತ್ತಿದ್ದ ಬ್ರಿಟಿಷ್ ವೈದ್ಯಕೀಯ ನೆರವು ತಂಡವನ್ನು ಸೇರಿದರು. ಅರಗಾನ್ ರಣರಂಗದ ಆಸ್ಪತ್ರೆಯಲ್ಲಿಯೂ ಬಳಿಕ ಮ್ಯಾಡ್ರಿಡ್ ಪರಿಸರದಲ್ಲಿಯೂ ಅವರು ಸೇವೆ ಸಲ್ಲಿಸಿದರು. ಹೊತ್ತು ತಂದ ಗಾಯಾಳುಗಳಲ್ಲಿ ಯಾರಿಗೆ ಮೊದಲು ಶಸ್ತ್ರಚಿಕಿತ್ಸೆ ಮಾಡಬೇಕು ಎಂಬುದನ್ನು ವಿಂಗಡಿಸುವ ಕಠಿಣ ಕಾರ್ಯದ ಅನುಭವ ಅವರಿಗೆ ಅಲ್ಲಿ ದೊರೆಯಿತು. ಸುಮಾರು ಒಂದು ವರ್ಷದ ನಂತರ ಮರಳಿ ಬಂದು, 1938ರಲ್ಲಿ ವೈದ್ಯಕೀಯ ಪದವಿ ಪಡೆದರು.

ಆ ದಶಕದಲ್ಲಿ ಬ್ರಿಟನ್ನಿನಲ್ಲಿ ಎಲ್ಲರಿಗೂ ಉಚಿತ ವೈದ್ಯಸೇವೆ ದೊರೆಯಬೇಕೆಂಬ ಬೇಡಿಕೆ ಬಲವಾಗಿತ್ತು. ಅಂಥದೊಂದು ಮೆರವಣಿಗೆಯಲ್ಲಿ ಕಾಕ್ರೇನ್ ಅವರು ತಾವೇ ಸಿದ್ಧಪಡಿಸಿದ ಫಲಕವನ್ನು ಹಿಡಿದು ನಡೆದರು. ಪರಿಣಾಮಕಾರಿಯಾದ ಚಿಕಿತ್ಸೆಗಳೆಲ್ಲವೂ ಉಚಿತವಾಗಿರಬೇಕು ಎಂಬುದು ಅದರ ಒಕ್ಕಣೆಯ ತಾತ್ಪರ್ಯ. ಉಚಿತ ಎಂಬ ಮಾತನ್ನು ಎಲ್ಲರೂ ಒಪ್ಪಿದರು. ಪರಿಣಾಮಕಾರಿ ಎಂಬ ವಿಶೇಷಣದ ಅಗತ್ಯ ಮಾತ್ರ ಆಗ ಹೆಚ್ಚು ಜನರಿಗೆ ಮನವರಿಕೆಯಾಗಲಿಲ್ಲ. ಅವರ ಮುಂದಿನ ಐವತ್ತು ವರ್ಷಗಳ ದುಡಿಮೆಯನ್ನು ಆ ಒಂದು ವಿಶೇಷಣದ ವಿವರಣೆ ಎಂದೇ ಪರಿಗಣಿಸಬಹುದು.

ಯುದ್ಧಕೈದಿಗಳ ವೈದ್ಯರಾಗಿ

ಎರಡನೆಯ ಮಹಾಯುದ್ಧದಲ್ಲಿ ಕಾಕ್ರೇನ್ ಅವರು ಬ್ರಿಟಿಷ್ ಸೇನೆಯ ವೈದ್ಯಕೀಯ ದಳದ ಕ್ಯಾಪ್ಟನ್ ಆಗಿ ಕಮಾಂಡೊ ಪಡೆಯೊಂದಿಗೆ ಈಜಿಪ್ಟಿಗೆ ತೆರಳಿದರು. ಅಲ್ಲಿಂದ ಕ್ರೀಟ್ ದ್ವೀಪಕ್ಕೆ ಕಳುಹಿಸಲ್ಪಟ್ಟು, 1941ರ ಜೂನ್‌ನಲ್ಲಿ ಜರ್ಮನ್ನರಿಗೆ ಸೆರೆಯಾದರು. ಮುಂದಿನ ನಾಲ್ಕು ವರ್ಷಗಳು ಸೆರೆಶಿಬಿರಗಳಲ್ಲಿಯೇ ಕಳೆದವು.

ಸಲೋನಿಕಾ ಶಿಬಿರ

ಗ್ರೀಸ್ ದೇಶದ ಸಲೋನಿಕಾದಲ್ಲಿದ್ದ ಶಿಬಿರದಲ್ಲಿ ಸುಮಾರು 20,000 ಕೈದಿಗಳಿದ್ದರು. ಅಲ್ಲಿ ಸಾಕಷ್ಟು ಕಾಲ ಕಾಕ್ರೇನ್ ಅವರೊಬ್ಬರೇ ವೈದ್ಯರು. ಒಬ್ಬ ಕೈದಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿಗಳಷ್ಟು ಆಹಾರ ಮಾತ್ರ ದೊರೆಯುತ್ತಿತ್ತು. ಭೇದಿ, ವಿಷಮಶೀತಜ್ವರ, ಗಂಟಲಮಾರಿ, ಕಾಮಾಲೆ ಮುಂತಾದ ರೋಗಗಳು ಒಂದರ ಮೇಲೊಂದರಂತೆ ಹರಡುತ್ತಿದ್ದವು. ಔಷಧಗಳು ಇಲ್ಲವೆನ್ನುವಷ್ಟು ಕಡಿಮೆ. ಇದರ ಜೊತೆಗೆ ನೂರಾರು ಮಂದಿಯ ಕಾಲುಗಳಲ್ಲಿ ನೀರು ತುಂಬಿ ಮೊಣಕಾಲಿನ ಮೇಲಿನವರೆಗೂ ಊತ ಕಾಣಿಸಿಕೊಂಡಿತು. ಸ್ವತಃ ಕಾಕ್ರೇನ್ ಅವರ ಕಾಲುಗಳೂ ಊದಿಕೊಂಡಿದ್ದವು.

ಇದು ಜೀವಸತ್ವದ ಕೊರತೆಯಿಂದ ಬಂದಿರಬಹುದೆಂದು ಊಹಿಸಿದ ಅವರು, ಹದಿನೆಂಟನೆಯ ಶತಮಾನದಲ್ಲಿ ನಾವಿಕರ ಸ್ಕರ್ವಿ ರೋಗವನ್ನು ಕುರಿತು ಜೇಮ್ಸ್ ಲಿಂಡ್ ನಡೆಸಿದ್ದ ಪ್ರಯೋಗವನ್ನು ನೆನಪಿಸಿಕೊಂಡರು. ಊತವಿದ್ದ ಇಪ್ಪತ್ತು ಮಂದಿಯನ್ನು ಆರಿಸಿ, ತಲಾ ಹತ್ತು ಮಂದಿಯ ಎರಡು ಗುಂಪುಗಳನ್ನು ಮಾಡಿದರು. ಕಾಳಸಂತೆಯಿಂದ ಸಂಪಾದಿಸಿದ ಯೀಸ್ಟನ್ನು ಒಂದು ಗುಂಪಿಗೂ, ತಮ್ಮ ಬಳಿ ಸ್ವಲ್ಪವೇ ಉಳಿದಿದ್ದ ಸಿ ಜೀವಸತ್ವದ ಗುಳಿಗೆಗಳನ್ನು ಇನ್ನೊಂದು ಗುಂಪಿಗೂ ಕೊಟ್ಟರು. ದೇಹದಿಂದ ಹೊರಹೋಗುವ ನೀರನ್ನು ಅಳೆಯಲು ಪಾತ್ರೆಗಳೂ ಇರಲಿಲ್ಲ. ಆದ್ದರಿಂದ ಪ್ರತಿಯೊಬ್ಬರೂ ದಿನಕ್ಕೆ ಎಷ್ಟು ಬಾರಿ ಮೂತ್ರ ವಿಸರ್ಜಿಸಿದರೆಂಬುದನ್ನೇ ಬರೆದಿಟ್ಟುಕೊಂಡರು. ಕೆಲವೇ ದಿನಗಳಲ್ಲಿ ಯೀಸ್ಟ್ ಸೇವಿಸಿದವರಲ್ಲಿ ಸುಧಾರಣೆ ಸ್ಪಷ್ಟವಾಗಿ ಕಂಡಿತು. ಈ ಅಂಕಿಗಳನ್ನು ಅವರು ಜರ್ಮನ್ ಅಧಿಕಾರಿಗಳ ಮುಂದಿಟ್ಟು, ಅವರದೇ ಭಾಷೆಯಲ್ಲಿ ಪರಿಸ್ಥಿತಿಯನ್ನು ವಿವರಿಸಿದರು. ಅದುವರೆಗಿನ ಮನವಿಗಳಿಗೆ ಕಿವಿಗೊಡದಿದ್ದ ಅಧಿಕಾರಿಗಳು ಅಂಕಿಗಳಿಗೆ ಮಣಿದು, ಶಿಬಿರಕ್ಕೆ ಯೀಸ್ಟ್ ಒದಗಿಸಲು ಒಪ್ಪಿದರು.

ಈ ಪ್ರಯೋಗವು ಚಿಕ್ಕದಾಗಿತ್ತು, ಅವಸರದ್ದಾಗಿತ್ತು ಮತ್ತು ಅನೇಕ ದೋಷಗಳಿಂದ ಕೂಡಿತ್ತು ಎಂಬುದನ್ನು ಕಾಕ್ರೇನ್ ಅವರು ಮುಂದೆ ತಾವೇ ವಿಶ್ಲೇಷಿಸಿ ತೋರಿಸಿದರು. ಅದೇ ಶಿಬಿರದ ಮತ್ತೊಂದು ಅಂಶವೂ ಅವರ ಮನಸ್ಸಿನಲ್ಲಿ ಆಳವಾಗಿ ಉಳಿಯಿತು. ಗಂಟಲಮಾರಿಯೊಂದರಿಂದಲೇ ನೂರಾರು ಜನ ಸಾಯಬಹುದೆಂದು ಅವರು ಅಂಜಿದ್ದರು. ಆದರೆ ಸಂಭವಿಸಿದ ಸಾವುಗಳು ನಾಲ್ಕೇ ನಾಲ್ಕು. ಅವುಗಳಲ್ಲಿಯೂ ಮೂರು ಕಾವಲುಗಾರರ ಗುಂಡೇಟಿನಿಂದ ಆದವು. ರೋಗಿ ಗುಣವಾದ ಮಾತ್ರಕ್ಕೆ ಅದಕ್ಕೆ ಚಿಕಿತ್ಸೆಯೇ ಕಾರಣವೆಂದು ಹೇಳಲಾಗದು, ದೇಹಕ್ಕೆ ತಾನಾಗಿ ಚೇತರಿಸಿಕೊಳ್ಳುವ ಶಕ್ತಿ ಬಹಳಷ್ಟಿದೆ ಎಂಬ ಪಾಠವನ್ನು ಅವರು ಇದರಿಂದ ಕಲಿತರು.

ಜರ್ಮನಿಯ ಶಿಬಿರಗಳು

ನಂತರ ಅವರನ್ನು ಜರ್ಮನಿಯ ಹಲವು ಶಿಬಿರಗಳಿಗೆ ಒಂದಾದ ಮೇಲೊಂದರಂತೆ ಕಳುಹಿಸಲಾಯಿತು. ಎಲ್‌ಸ್ಟರ್‌ಹಾರ್ಸ್ಟ್‌ನಲ್ಲಿ ಅವರು ಹಲವು ದೇಶಗಳ ಕ್ಷಯರೋಗಿ ಕೈದಿಗಳನ್ನು ನೋಡಿಕೊಂಡರು. ಕ್ಷಯಕ್ಕೆ ಔಷಧ ಇನ್ನೂ ಬಳಕೆಗೆ ಬಂದಿರದ ಆ ಕಾಲದಲ್ಲಿ, ಎದೆಗೂಡಿಗೆ ಗಾಳಿ ತುಂಬಿ ಶ್ವಾಸಕೋಶವನ್ನು ಕುಗ್ಗಿಸುವ ವಿಧಾನ ರೂಢಿಯಲ್ಲಿತ್ತು. ಹೀಗೆ ಮಾಡುವುದರಿಂದ ತಾವು ರೋಗಿಯ ಆಯುಷ್ಯವನ್ನು ಹೆಚ್ಚಿಸುತ್ತಿದ್ದೇವೆಯೋ ಕಡಿಮೆ ಮಾಡುತ್ತಿದ್ದೇವೆಯೋ ಎಂಬುದು ಅವರಿಗೆ ತಿಳಿಯದಾಯಿತು. ಪುಸ್ತಕಗಳಲ್ಲಿ ಅಭಿಪ್ರಾಯಗಳಿದ್ದವೇ ಹೊರತು ಪುರಾವೆ ಇರಲಿಲ್ಲ. ತಮಗಿಷ್ಟ ಬಂದ ಚಿಕಿತ್ಸೆಯನ್ನು ನೀಡುವ ಸ್ವಾತಂತ್ರ್ಯಕ್ಕಿಂತ, ಯಾವುದು ಸರಿಯಾದ ಚಿಕಿತ್ಸೆ ಎಂದು ತಿಳಿಸುವ ಜ್ಞಾನವೇ ವೈದ್ಯನಿಗೆ ಮುಖ್ಯ ಎಂಬ ನಿಲುವಿಗೆ ಅವರು ಬಂದದ್ದು ಈ ಸಂಕಟದಿಂದಲೇ.

ಇದೇ ಶಿಬಿರದಲ್ಲಿ ಒಂದು ರಾತ್ರಿ, ಸಾವಿನಂಚಿನಲ್ಲಿದ್ದ ಯುವ ಸೋವಿಯತ್ ಸೈನಿಕನೊಬ್ಬನನ್ನು ತಂದು ಬಿಟ್ಟರು. ಆತ ಒಂದೇ ಸಮನೆ ಚೀರುತ್ತಿದ್ದ. ವಾರ್ಡಿನಲ್ಲಿದ್ದ ಉಳಿದವರ ನಿದ್ರೆ ಕೆಡಬಾರದೆಂದು ಕಾಕ್ರೇನ್ ಅವರು ಅವನನ್ನು ತಮ್ಮ ಕೊಠಡಿಯಲ್ಲಿಯೇ ಮಲಗಿಸಿದರು. ಶ್ವಾಸಕೋಶದ ಹೊದಿಕೆಯ ಉರಿಯೂತದಿಂದ ಆತ ನೋವುಣ್ಣುತ್ತಿದ್ದಾನೆಂದು ಅವರು ತೀರ್ಮಾನಿಸಿದರು. ಮಾರ್ಫಿನ್ ಇರಲಿಲ್ಲ. ಇದ್ದ ಆಸ್ಪಿರಿನ್ನಿನಿಂದ ಪ್ರಯೋಜನವಾಗಲಿಲ್ಲ. ಅವನ ಭಾಷೆಯೂ ಅಲ್ಲಿ ಯಾರಿಗೂ ಬರುತ್ತಿರಲಿಲ್ಲ. ಕೊನೆಗೆ ಬೇರೇನೂ ತೋಚದೆ ಹಾಸಿಗೆಯ ಮೇಲೆ ಕುಳಿತು ಅವನನ್ನು ತೋಳುಗಳಲ್ಲಿ ತಬ್ಬಿಕೊಂಡಾಗ, ಚೀರಾಟ ಒಡನೆಯೇ ನಿಂತಿತು. ಕೆಲವು ಗಂಟೆಗಳ ನಂತರ ಆತ ಶಾಂತವಾಗಿ ಪ್ರಾಣಬಿಟ್ಟ. ಅವನನ್ನು ಕಾಡಿದ್ದು ಉರಿಯೂತದ ನೋವಲ್ಲ, ಒಂಟಿತನ ಎಂದು ಕಾಕ್ರೇನ್ ಅವರಿಗೆ ಆಗ ಅರಿವಾಯಿತು. ತಮ್ಮ ರೋಗನಿರ್ಣಯ ತಪ್ಪಿತೆಂಬ ನಾಚಿಕೆಯಿಂದ ಬಹುಕಾಲ ಅವರು ಈ ಘಟನೆಯನ್ನು ಯಾರಿಗೂ ಹೇಳಲಿಲ್ಲ. ಅಂಕಿ-ಅಂಶಗಳ ಪ್ರತಿಪಾದಕರೆಂದು ಹೆಸರಾದ ಕಾಕ್ರೇನ್ ಅವರು ಆರೈಕೆಗೆ ನೀಡಿದ ಮಹತ್ವವನ್ನು ಅರಿಯಲು ಈ ಪ್ರಸಂಗ ಸಹಾಯಕವಾಗಿದೆ.

ಸಾರ್ವಜನಿಕ ಆರೋಗ್ಯ ಶಿಕ್ಷಣ

ಯುದ್ಧ ಮುಗಿದ ಮೇಲೆ ಅವರು ಲಂಡನ್ನಿನ ನೈರ್ಮಲ್ಯ ಮತ್ತು ಉಷ್ಣವಲಯ ವೈದ್ಯಶಾಸ್ತ್ರ ಶಾಲೆಯಲ್ಲಿ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ ವ್ಯಾಸಂಗ ಮಾಡಿದರು. ಅಲ್ಲಿ ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅವರ ಉಪನ್ಯಾಸಗಳು ಅವರ ಮೇಲೆ ಗಾಢವಾದ ಪ್ರಭಾವ ಬೀರಿದವು. ಸೆರೆಶಿಬಿರದಲ್ಲಿ ತಮ್ಮನ್ನು ಕಾಡಿದ್ದ ಪ್ರಶ್ನೆಗೆ ಉತ್ತರಿಸುವ ಮಾರ್ಗ ಅವರಿಗೆ ಇಲ್ಲಿ ಗೋಚರಿಸಿತು. ಆ ಮಾರ್ಗವೇ ಯಾದೃಚ್ಛಿಕ ನಿಯಂತ್ರಿತ ಪ್ರಯೋಗ.

ಈ ವಿಧಾನದ ತತ್ವ ಸರಳವಾದುದು. ಒಂದೇ ಬಗೆಯ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪುಗಳಿಗೆ ಹಂಚಲಾಗುತ್ತದೆ. ಯಾರು ಯಾವ ಗುಂಪಿಗೆ ಸೇರಬೇಕೆಂಬುದರಲ್ಲಿ ವೈದ್ಯರ ಇಷ್ಟಾನಿಷ್ಟಕ್ಕೆ ಎಡೆಯಿರುವುದಿಲ್ಲ. ಒಂದು ಗುಂಪಿಗೆ ಹೊಸ ಚಿಕಿತ್ಸೆ, ಇನ್ನೊಂದಕ್ಕೆ ರೂಢಿಯ ಚಿಕಿತ್ಸೆ. ಉಳಿದೆಲ್ಲ ವಿಷಯಗಳಲ್ಲಿ ಎರಡೂ ಗುಂಪುಗಳು ಸಮವಾಗಿರುವುದರಿಂದ, ಕೊನೆಯಲ್ಲಿ ಆಕಸ್ಮಿಕವೆನ್ನಲಾಗದಷ್ಟು ವ್ಯತ್ಯಾಸ ಕಂಡುಬಂದರೆ ಅದಕ್ಕೆ ಚಿಕಿತ್ಸೆಯೇ ಕಾರಣವೆಂದು ಹೇಳಬಹುದು. ಬ್ರಾಡ್‌ಫರ್ಡ್ ಹಿಲ್ ಅವರ ಮಾರ್ಗದರ್ಶನದಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯು ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಔಷಧವನ್ನು ಹೀಗೆ ಪರೀಕ್ಷಿಸಿ, 1948ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು.

ಬಳಿಕ ಕಾಕ್ರೇನ್ ಅವರು ರಾಕ್‌ಫೆಲರ್ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಫಿಲಡೆಲ್ಫಿಯಾದ ಹೆನ್ರಿ ಫಿಪ್ಸ್ ಸಂಸ್ಥೆಗೆ ತೆರಳಿ ಕ್ಷಯರೋಗದ ಸಾಂಕ್ರಾಮಿಕ ಶಾಸ್ತ್ರವನ್ನು ಅಭ್ಯಸಿಸಿದರು. ಒಂದೇ ಎಕ್ಸ್-ರೇ ಚಿತ್ರವನ್ನು ಬೇರೆ ಬೇರೆ ತಜ್ಞರು ಬೇರೆ ಬೇರೆಯಾಗಿ ಓದುವ ಸಮಸ್ಯೆಯನ್ನು ಅವರು ಅಲ್ಲಿ ಹತ್ತಿರದಿಂದ ಕಂಡರು.

ಕಲ್ಲಿದ್ದಲು ಗಣಿಗಾರರ ಅಧ್ಯಯನ

1948ರಲ್ಲಿ ಕಾಕ್ರೇನ್ ಅವರು ವೇಲ್ಸ್‌ನ ಕಾರ್ಡಿಫ್ ಬಳಿಯ ಲ್ಯಾಂಡಾಕ್ ಆಸ್ಪತ್ರೆಯಲ್ಲಿದ್ದ ನ್ಯೂಮೋಕೋನಿಯೋಸಿಸ್ ಸಂಶೋಧನಾ ಘಟಕವನ್ನು ಸೇರಿದರು. ಆಗ ಚಾರ್ಲ್ಸ್ ಫ್ಲೆಚರ್ ಅದರ ನಿರ್ದೇಶಕರಾಗಿದ್ದರು. ಗಣಿಯ ಧೂಳು ವರ್ಷಗಟ್ಟಲೆ ಶ್ವಾಸಕೋಶದಲ್ಲಿ ಸೇರಿಕೊಳ್ಳುವುದರಿಂದ ಬರುವ ರೋಗಕ್ಕೆ ನ್ಯೂಮೋಕೋನಿಯೋಸಿಸ್ ಎಂದು ಹೆಸರು. ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರನ್ನು ಬಾಧಿಸಿದ ಸಿಲಿಕೋಸಿಸ್ ಕೂಡ ಇದೇ ವರ್ಗಕ್ಕೆ ಸೇರಿದ್ದು. ಕೋಲಾರದಲ್ಲಿ ಕಲ್ಲಿನ ಧೂಳು ಕಾರಣವಾದರೆ, ವೇಲ್ಸ್‌ನಲ್ಲಿ ಮುಖ್ಯವಾಗಿ ಕಲ್ಲಿದ್ದಲಿನ ಧೂಳು ಕಾರಣವಾಗಿತ್ತು.

ದಕ್ಷಿಣ ವೇಲ್ಸ್‌ನ ಕಣಿವೆಗಳಲ್ಲಿ ಇದು ಕೇವಲ ರೋಗದ ಪ್ರಶ್ನೆಯಾಗಿರದೆ ಅನ್ನದ ಪ್ರಶ್ನೆಯೂ ಆಗಿತ್ತು. 1943ರಲ್ಲಿ ಜಾರಿಗೆ ಬಂದ ಪರಿಹಾರ ಯೋಜನೆಯ ಪ್ರಕಾರ, ರೋಗವಿದೆಯೆಂದು ಪ್ರಮಾಣಪತ್ರ ಪಡೆದ ಗಣಿಗಾರನಿಗೆ ಪರಿಹಾರಧನ ಸಿಗುತ್ತಿತ್ತು. ಆದರೆ ಆತ ಗಣಿಯ ಕೆಲಸವನ್ನು ಬಿಡಲೇಬೇಕಾಗಿತ್ತು. ಬೇರೆ ಉದ್ಯೋಗಗಳೇ ವಿರಳವಾಗಿದ್ದ ಆ ಊರುಗಳಲ್ಲಿ ಸಾವಿರಾರು ಮಂದಿ ಹೀಗೆ ನಿರುದ್ಯೋಗಿಗಳಾದರು. 1948ರಲ್ಲಿ ಜಾರಿಯಾದ ಹೊಸ ಔದ್ಯೋಗಿಕ ವಿಮಾ ವ್ಯವಸ್ಥೆಯಲ್ಲಿ ಈ ಕಡ್ಡಾಯವನ್ನು ಕೈಬಿಡಲಾಯಿತು. ಆದರೂ ಒಬ್ಬ ಗಣಿಗಾರನನ್ನು ಎಷ್ಟರಮಟ್ಟಿಗೆ ಅಸಮರ್ಥನೆಂದು ಪರಿಗಣಿಸಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿದಿತ್ತು. ಒಂದು ಎಕ್ಸ್-ರೇ ಚಿತ್ರವನ್ನು ವೈದ್ಯರು ಓದುವ ಬಗೆಯ ಮೇಲೆ ಒಂದು ಕುಟುಂಬದ ಭವಿಷ್ಯ ನಿಂತಿತ್ತು.

ಅಳತೆಯ ನಿಷ್ಕೃಷ್ಟತೆ

ಆದ್ದರಿಂದ ಮೊದಲು ಅಳೆಯುವವರನ್ನೇ ಅಳೆಯುವ ಕೆಲಸ ನಡೆಯಿತು. ಒಂದೇ ಚಿತ್ರಕ್ಕೆ ಇಬ್ಬರು ವೈದ್ಯರು ಭಿನ್ನ ದರ್ಜೆಗಳನ್ನು ನೀಡುತ್ತಿದ್ದರು. ಅಷ್ಟೇ ಅಲ್ಲ, ಒಬ್ಬರೇ ವೈದ್ಯರು ಕೆಲವು ದಿನ ಬಿಟ್ಟು ಅದೇ ಚಿತ್ರವನ್ನು ನೋಡಿದಾಗ ತಮ್ಮ ಅಭಿಪ್ರಾಯವನ್ನು ಬದಲಿಸುವುದೂ ಉಂಟೆಂಬುದು ಘಟಕದ ಸಂಶೋಧನೆಯಿಂದ ಸ್ಪಷ್ಟವಾಯಿತು. ಇದಕ್ಕೆ ಪರಿಹಾರವಾಗಿ ಮಾದರಿ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಹೋಲಿಸುವ ಕ್ರಮವನ್ನು ರೂಪಿಸಲಾಯಿತು. ಈ ವರ್ಗೀಕರಣದ ಬಗ್ಗೆ ದೇಶದೇಶಗಳ ನಡುವೆ ಒಮ್ಮತ ಮೂಡಿಸುವ ದಿಸೆಯಲ್ಲಿ ಕಾಕ್ರೇನ್, ಫ್ಲೆಚರ್ ಮತ್ತು ಅವರ ಸಹೋದ್ಯೋಗಿಗಳು 1951ರಲ್ಲಿ ಲೇಖನವನ್ನು ಪ್ರಕಟಿಸಿದರು. ಅದೇ ವರ್ಷ ಬಂದ ಮತ್ತೊಂದು ಲೇಖನದಲ್ಲಿ, ಗಣಿಗಾರರಿಗೆ ಕೆಮ್ಮು, ಉಬ್ಬಸ ಮುಂತಾದವುಗಳ ಬಗ್ಗೆ ಕೇಳಿದಾಗ ಬರುವ ಉತ್ತರಗಳು ಪ್ರಶ್ನಿಸುವ ವೈದ್ಯರನ್ನು ಅವಲಂಬಿಸಿ ಗಣನೀಯವಾಗಿ ಬದಲಾಗುತ್ತವೆ ಎಂದು ಕಾಕ್ರೇನ್ ಅವರು ತೋರಿಸಿದರು.

ಎರಡು ಕಣಿವೆಗಳ ಅಧ್ಯಯನ

ಧೂಳು ತುಂಬಿದ ಶ್ವಾಸಕೋಶ ಕೆಲವರಲ್ಲಿ ಗಟ್ಟಿಯಾದ ದೊಡ್ಡ ಗಡ್ಡೆಗಳಾಗಿ ಮಾರ್ಪಡುತ್ತಿತ್ತು. ಇದು ರೋಗದ ಉಗ್ರರೂಪ. ಧೂಳಿನ ಜೊತೆಗೆ ಕ್ಷಯದ ಸೋಂಕು ಸೇರಿದಾಗ ಹೀಗಾಗುತ್ತದೆಂಬ ಅಭಿಪ್ರಾಯ ಆಗ ಪ್ರಬಲವಾಗಿತ್ತು. ಇದನ್ನು ಪರೀಕ್ಷಿಸಲು ಕಾಕ್ರೇನ್ ಅವರು ನೆರೆಹೊರೆಯ ಎರಡು ಗಣಿಕಣಿವೆಗಳನ್ನು ಆರಿಸಿಕೊಂಡರು. ರಾಂಡಾ ಫಾಕ್ ಕಣಿವೆಯಲ್ಲಿ ಕ್ಷಯರೋಗಿಗಳನ್ನು ಹುಡುಕಿ ಚಿಕಿತ್ಸೆ ಕೊಡಿಸಿ ಸೋಂಕನ್ನು ತಗ್ಗಿಸುವುದು, ಅಬರ್‌ಡೇರ್ ಕಣಿವೆಯನ್ನು ಹೋಲಿಕೆಗಾಗಿ ಇಟ್ಟುಕೊಳ್ಳುವುದು ಯೋಜನೆಯಾಗಿತ್ತು. 1950ರಲ್ಲಿ ಕೆಲಸ ಆರಂಭವಾಯಿತು.

ಸಮೀಕ್ಷೆಯಲ್ಲಿ ಯಾರೂ ಬಿಟ್ಟುಹೋಗಬಾರದೆಂಬುದು ಅವರ ಕಟ್ಟುನಿಟ್ಟು. ತಪ್ಪಿಸಿಕೊಂಡವರಲ್ಲಿಯೇ ಹೆಚ್ಚು ಕಾಯಿಲೆಯವರು ಇರಬಹುದು, ಆಗ ಇಡೀ ಲೆಕ್ಕ ದಾರಿತಪ್ಪುತ್ತದೆ ಎಂಬುದು ಇದರ ಹಿಂದಿನ ತರ್ಕ. ಗಣಿಯ ಕೆಲಸ ಬಿಟ್ಟಿದ್ದ ಸ್ಥಳೀಯರೂ ಅವರ ತಂಡದಲ್ಲಿದ್ದರು. ತಂಡದವರು ಮನೆಮನೆಗೂ ತೆರಳಿ, ಒಮ್ಮೆ ಬಾರದವರನ್ನು ಮತ್ತೆ ಮತ್ತೆ ಭೇಟಿಯಾಗಿ ಎಕ್ಸ್-ರೇ ಪರೀಕ್ಷೆಗೆ ಒಪ್ಪಿಸುತ್ತಿದ್ದರು. ಗಣಿಗಾರರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಪರೀಕ್ಷೆಗೆ ಒಳಗಾದರು. ದಶಕಗಳ ನಂತರವೂ ಅವರಲ್ಲಿ ಬಹುತೇಕ ಎಲ್ಲರನ್ನೂ ಹುಡುಕಿ ಸ್ಥಿತಿಗತಿಯನ್ನು ದಾಖಲಿಸಲಾಯಿತು. ಪ್ರಯೋಗಾಲಯದ ನಾಲ್ಕು ಗೋಡೆಗಳ ಆಚೆ, ಒಂದು ಜನಸಮುದಾಯದ ನಡುವೆಯೂ ವಿಜ್ಞಾನಕ್ಕೆ ತಕ್ಕ ನಿಖರತೆ ಸಾಧ್ಯವೆಂಬುದನ್ನು ಈ ಅಧ್ಯಯನ ತೋರಿಸಿಕೊಟ್ಟಿತು.

ಮೂಲ ಪ್ರಶ್ನೆಗೆ ಮಾತ್ರ ನಿರೀಕ್ಷಿಸಿದ ಉತ್ತರ ಬರಲಿಲ್ಲ. ಹೊಸ ಔಷಧಗಳಿಂದಾಗಿ ಎರಡೂ ಕಣಿವೆಗಳಲ್ಲಿ ಕ್ಷಯ ಇಳಿಮುಖವಾಯಿತು. ಕ್ಷಯವೇ ಉಗ್ರರೂಪಕ್ಕೆ ಕಾರಣವೆಂಬ ಊಹೆಗೆ ಬೆಂಬಲ ದೊರೆಯಲಿಲ್ಲ. ಒಳಹೋದ ಧೂಳಿನ ಪ್ರಮಾಣವೇ ಪ್ರಧಾನವೆಂಬ ಅಭಿಪ್ರಾಯ ಮುಂದೆ ಬಲಗೊಂಡಿತು. ಅಂದರೆ ಗಣಿಯಲ್ಲಿ ಧೂಳನ್ನು ನಿಯಂತ್ರಿಸುವುದೇ ನಿಜವಾದ ರೋಗನಿವಾರಣೆ ಎಂದಾಯಿತು.

ಅಸಾಮರ್ಥ್ಯ ಮತ್ತು ಪರಿಹಾರಧನ

ಗಣಿಗಾರರನ್ನು ದೀರ್ಘಕಾಲ ಗಮನಿಸಿದ ಈ ಅಧ್ಯಯನಗಳಿಂದ ಅಸಾಮರ್ಥ್ಯದ ಬಗ್ಗೆ ಮಹತ್ವದ ಸಂಗತಿಗಳು ಹೊರಬಂದವು. ರೋಗದ ಸರಳ ರೂಪದಲ್ಲಿ, ಎಕ್ಸ್-ರೇ ಚಿತ್ರದಲ್ಲಿ ಕಾಣುವ ದರ್ಜೆಗೂ ಆ ವ್ಯಕ್ತಿಯ ಉಸಿರಾಟದ ಸಾಮರ್ಥ್ಯಕ್ಕೂ ಹೆಚ್ಚಿನ ಸಂಬಂಧ ಕಾಣಲಿಲ್ಲ. ಅಂಥವರ ಆಯುಷ್ಯವೂ ಇತರ ಗಣಿಗಾರರ ಆಯುಷ್ಯಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. ರೋಗ ಮುಂದುವರಿದು ದೊಡ್ಡ ಗಡ್ಡೆಗಳಾದವರಲ್ಲಿ ಮಾತ್ರ ಅಸಾಮರ್ಥ್ಯವೂ ಮರಣಪ್ರಮಾಣವೂ ಸ್ಪಷ್ಟವಾಗಿ ಏರಿದ್ದವು. ಚಿತ್ರದಲ್ಲಿ ಕಾಣುವ ಕಲೆ ಮತ್ತು ಮನುಷ್ಯ ಅನುಭವಿಸುವ ಅಸಾಮರ್ಥ್ಯ ಒಂದೇ ಅಲ್ಲ, ಎರಡನ್ನೂ ಪ್ರತ್ಯೇಕವಾಗಿ ಅಳೆಯಬೇಕು ಎಂಬುದು ಇದರ ಸಾರ.

ಇದಕ್ಕೆ ಇನ್ನೊಂದು ಮುಖವೂ ಇತ್ತು. ಚಿತ್ರದಲ್ಲಿ ಏನೂ ಕಾಣದಿದ್ದರೂ ಏದುಸಿರಿನಿಂದ ಬಳಲುತ್ತಿದ್ದ ಗಣಿಗಾರರು ಅನೇಕರಿದ್ದರು. ಅವರಿಗೆ ಪರಿಹಾರ ದೊರೆಯುತ್ತಿರಲಿಲ್ಲ. ದೀರ್ಘಕಾಲದ ಶ್ವಾಸನಾಳದ ಉರಿಯೂತಕ್ಕೂ ಎಂಫಿಸೀಮಾ ಎಂಬ ಕಾಯಿಲೆಗೂ ಗಣಿಯ ಧೂಳು ಕಾರಣವಾಗಬಲ್ಲದೆಂಬುದಕ್ಕೆ ನಂತರದ ಸಂಶೋಧಕರು ಪುರಾವೆಗಳನ್ನು ಒದಗಿಸಿದರು. 1993ರಲ್ಲಿ ಬ್ರಿಟಿಷ್ ಸರ್ಕಾರ ಇವನ್ನು ಕಲ್ಲಿದ್ದಲು ಗಣಿಗಾರರ ಔದ್ಯೋಗಿಕ ರೋಗಗಳೆಂದು ಮಾನ್ಯ ಮಾಡಿತು. ಹೊಸ ಪುರಾವೆ ಬಂದಾಗ ಹಳೆಯ ತೀರ್ಮಾನಗಳನ್ನು ಮರುಪರಿಶೀಲಿಸಬೇಕೆಂಬ ಕಾಕ್ರೇನ್ ಅವರ ತತ್ವಕ್ಕೆ ಈ ಬದಲಾವಣೆ ಅನುಗುಣವಾಗಿಯೇ ಇದೆ.

ಪ್ರಾಧ್ಯಾಪಕ ಮತ್ತು ನಿರ್ದೇಶಕರಾಗಿ

1960ರಲ್ಲಿ ಕಾಕ್ರೇನ್ ಅವರು ಕಾರ್ಡಿಫ್‌ನ ವೇಲ್ಸ್ ರಾಷ್ಟ್ರೀಯ ವೈದ್ಯಕೀಯ ಶಾಲೆಯಲ್ಲಿ ಕ್ಷಯ ಮತ್ತು ಎದೆರೋಗಗಳ ಪ್ರಾಧ್ಯಾಪಕರಾದರು. ವೈದ್ಯಕೀಯ ಸಂಶೋಧನಾ ಮಂಡಳಿಯು ದಕ್ಷಿಣ ವೇಲ್ಸ್‌ನಲ್ಲಿ ಸ್ಥಾಪಿಸಿದ ಸಾಂಕ್ರಾಮಿಕ ರೋಗಶಾಸ್ತ್ರ ಘಟಕದ ನಿರ್ದೇಶಕರಾಗಿಯೂ ಕೆಲಸ ಮಾಡಿ, 1974ರಲ್ಲಿ ನಿವೃತ್ತರಾದರು.

ಆರೋಗ್ಯವಂತರಂತೆ ಕಾಣುವ ಜನರನ್ನು ಸಾಮೂಹಿಕವಾಗಿ ತಪಾಸಣೆ ಮಾಡಿ ರೋಗ ಹುಡುಕುವ ಪದ್ಧತಿ ಆಗ ಹರಡುತ್ತಿತ್ತು. ಈ ಬಗ್ಗೆ 1971ರಲ್ಲಿ ವಾಲ್ಟರ್ ಹಾಲೆಂಡ್ ಅವರೊಡನೆ ಬರೆದ ಲೇಖನದಲ್ಲಿ ಕಾಕ್ರೇನ್ ಅವರು ಒಂದು ನೈತಿಕ ಭೇದವನ್ನು ಗುರುತಿಸಿದರು. ರೋಗಿ ತಾನಾಗಿ ಬಂದಾಗ ವೈದ್ಯರು ತಮಗೆ ತಿಳಿದಷ್ಟು ನೆರವಾದರೆ ಸಾಕು. ವೈದ್ಯರೇ ಜನರನ್ನು ಕರೆದು ತಪಾಸಣೆ ಮಾಡುವಾಗ ಹಾಗಲ್ಲ. ಅದರಿಂದ ಬಹುಮಂದಿಗೆ ಪ್ರಯೋಜನವಾಗುತ್ತದೆಂಬ ಖಚಿತವಾದ ಪುರಾವೆ ಮೊದಲೇ ಅವರ ಕೈಯಲ್ಲಿರಬೇಕು.

ಹೃದಯಾಘಾತವಾದವರನ್ನು ವಿಶೇಷ ತೀವ್ರನಿಗಾ ಘಟಕದಲ್ಲಿಡುವುದು ಉತ್ತಮವೋ ಮನೆಯಲ್ಲಿಯೇ ಆರೈಕೆ ಮಾಡುವುದು ಉತ್ತಮವೋ ಎಂಬ ಪ್ರಶ್ನೆಯನ್ನೂ ಪ್ರಯೋಗದಿಂದ ಬಗೆಹರಿಸಬೇಕೆಂದು ಅವರು ಒತ್ತಾಯಿಸಿದರು. ಕಾರ್ಡಿಫ್‌ನಲ್ಲಿ ಇದಕ್ಕೆ ಹೃದ್ರೋಗ ತಜ್ಞರ ವಿರೋಧ ಬಂದಿತು. ಬ್ರಿಸ್ಟಲ್‌ನ ವೈದ್ಯ ಎಚ್. ಜಿ. ಮೇದರ್ ಇಂಥ ಪ್ರಯೋಗವನ್ನು ನಡೆಸಿದರು. ಅದರ ಆರಂಭಿಕ ಅಂಕಿಗಳನ್ನು ಪರಿಶೀಲಿಸುವ ಸಭೆಯಲ್ಲಿ ನಡೆದ ಪ್ರಸಂಗವೊಂದು ಪ್ರಸಿದ್ಧವಾಗಿದೆ. ಕಾಕ್ರೇನ್ ಅವರು ಎರಡೂ ಗುಂಪುಗಳ ಅಂಕಿಗಳನ್ನು ಬೇಕೆಂದೇ ಅದಲುಬದಲು ಮಾಡಿ, ಮನೆಯಲ್ಲಿದ್ದವರಲ್ಲಿ ಸಾವು ತುಸು ಹೆಚ್ಚೆಂಬಂತೆ ತಜ್ಞರಿಗೆ ಮೊದಲು ತೋರಿಸಿದರು. ಪ್ರಯೋಗವನ್ನು ಕೂಡಲೇ ನಿಲ್ಲಿಸಬೇಕು, ಮುಂದುವರಿಸುವುದು ಅನೈತಿಕ ಎಂದು ತಜ್ಞರು ಪಟ್ಟುಹಿಡಿದರು. ಆಮೇಲೆ ಅವರು ನಿಜವಾದ ಅಂಕಿಗಳನ್ನು ಮುಂದಿಟ್ಟರು. ತುಸು ಹೆಚ್ಚು ಸಾವು ಆಸ್ಪತ್ರೆಯ ಗುಂಪಿನಲ್ಲಿತ್ತು. ಹಾಗಾದರೆ ತೀವ್ರನಿಗಾ ಘಟಕಗಳನ್ನು ಮುಚ್ಚಬೇಕೇ ಎಂದು ಕೇಳಿದಾಗ ಸಭೆ ಮೌನವಾಯಿತು. ವಾಸ್ತವವಾಗಿ ಆ ವ್ಯತ್ಯಾಸ ಯಾವ ತೀರ್ಮಾನಕ್ಕೂ ಸಾಲದಷ್ಟು ಚಿಕ್ಕದಾಗಿತ್ತು. ಒಂದೇ ಬಗೆಯ ಅಂಕಿಯನ್ನು ನಮ್ಮ ನಂಬಿಕೆಗೆ ತಕ್ಕಂತೆ ಎರಡು ಬಗೆಯಾಗಿ ತೂಗುತ್ತೇವೆ ಎಂಬುದನ್ನು ತೋರಿಸುವುದೇ ಅವರ ಉದ್ದೇಶವಾಗಿತ್ತು.

1974ರಲ್ಲಿ ಪೀಟರ್ ಎಲ್‌ವುಡ್, ಕಾಕ್ರೇನ್ ಮತ್ತು ಸಂಗಡಿಗರು, ಹೃದಯಾಘಾತದಿಂದ ಚೇತರಿಸಿಕೊಂಡ 1,239 ಪುರುಷರ ಮೇಲೆ ನಡೆಸಿದ ಆಸ್ಪಿರಿನ್ ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಸಾವಿನ ಪ್ರಮಾಣ ಕಡಿಮೆಯಾದಂತೆ ಕಂಡರೂ ಅದು ಖಚಿತ ತೀರ್ಮಾನಕ್ಕೆ ಸಾಲದೆಂದು ಅವರು ಸ್ಪಷ್ಟಪಡಿಸಿದರು. ಮುಂದೆ ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಆಸ್ಪಿರಿನ್‌ನ ಪ್ರಯೋಜನ ದೃಢಪಟ್ಟಿತು.

1972ರ ಕೃತಿ

ನಫೀಲ್ಡ್ ಪ್ರಾಂತೀಯ ಆಸ್ಪತ್ರೆಗಳ ಟ್ರಸ್ಟ್‌ನ ಆಹ್ವಾನದ ಮೇರೆಗೆ ಕಾಕ್ರೇನ್ ಅವರು ಬರೆದ ಎಫೆಕ್ಟಿವ್‌ನೆಸ್ ಅಂಡ್ ಎಫಿಶಿಯೆನ್ಸಿ ಎಂಬ ಪುಸ್ತಕ 1972ರಲ್ಲಿ ಪ್ರಕಟವಾಯಿತು. ಚಿಕ್ಕದಾದರೂ ಹಲವು ಭಾಷೆಗಳಿಗೆ ಅನುವಾದಗೊಂಡ ಈ ಕೃತಿ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಮೂರು ಮಾನದಂಡಗಳಿಂದ ಪರಿಶೀಲಿಸುತ್ತದೆ. ಚಿಕಿತ್ಸೆಯು ರೋಗದ ಗತಿಯನ್ನು ಒಳ್ಳೆಯದರ ಕಡೆಗೆ ಬದಲಿಸುತ್ತದೆಯೇ ಎಂಬುದು ಮೊದಲನೆಯದು. ಇರುವ ಹಣ, ಸಿಬ್ಬಂದಿ, ಹಾಸಿಗೆಗಳು ಸರಿಯಾಗಿ ವಿನಿಯೋಗವಾಗುತ್ತಿವೆಯೇ ಎಂಬುದು ಎರಡನೆಯದು. ಎಲ್ಲರಿಗೂ ಸಮಾನವಾಗಿ ಸೇವೆ ದೊರೆಯುತ್ತಿದೆಯೇ ಎಂಬುದು ಮೂರನೆಯದು.

ಮೂರನೆಯ ಅಂಶದ ಚರ್ಚೆಯಲ್ಲಿ ಕಾಕ್ರೇನ್ ಅವರು ಗುಣಪಡಿಸುವ ವಿಭಾಗ ಮತ್ತು ಆರೈಕೆಯ ವಿಭಾಗ ಎಂಬ ಭೇದವನ್ನು ಎತ್ತಿ ತೋರಿಸಿದರು. ವೃದ್ಧರು, ಬುದ್ಧಿಮಾಂದ್ಯರು, ದೀರ್ಘಕಾಲದ ಮಾನಸಿಕ ರೋಗಿಗಳು ವರ್ಷಗಟ್ಟಲೆ ಇರುವ ಆಸ್ಪತ್ರೆಗಳ ಊಟ, ವಸತಿ, ಸೌಕರ್ಯಗಳು ಇತರ ಆಸ್ಪತ್ರೆಗಳಿಗಿಂತ ಬಹಳ ಕೀಳುಮಟ್ಟದಲ್ಲಿದ್ದವು. ಪ್ರಯೋಜನ ಸಾಬೀತಾಗದ ಚಿಕಿತ್ಸೆಗಳಿಗೆ ವ್ಯಯವಾಗುತ್ತಿರುವ ಹಣವನ್ನು ಉಳಿಸಿದರೆ, ಗುಣವಾಗುವ ಭರವಸೆಯಿಲ್ಲದ ಇವರಿಗೂ ಘನತೆಯಿಂದ ಬದುಕುವ ಅವಕಾಶ ಕಲ್ಪಿಸಬಹುದು ಎಂಬುದು ಅವರ ವಾದ. ಪುರಾವೆ ಕೇಳುವುದು ಕೇವಲ ಖರ್ಚು ತಗ್ಗಿಸುವ ಉಪಾಯವೆಂಬ ಆಕ್ಷೇಪಕ್ಕೆ ಈ ಭಾಗವೇ ಉತ್ತರವಾಗಿದೆ.

1978ರಲ್ಲಿ ಸಹೋದ್ಯೋಗಿಗಳೊಡನೆ 18 ಅಭಿವೃದ್ಧ ದೇಶಗಳ ಅಂಕಿಗಳನ್ನು ಹೋಲಿಸಿದಾಗ, ವೈದ್ಯರ ಸಂಖ್ಯೆ ಹೆಚ್ಚಿದ್ದ ಕಡೆ ಶಿಶುಮರಣವೂ ಹೆಚ್ಚಿರುವ ವಿಚಿತ್ರ ಸಂಬಂಧವೊಂದು ಕಂಡುಬಂದಿತು. ವೈದ್ಯರೇ ಇದಕ್ಕೆ ಕಾರಣವೆಂದು ಅವರು ಹೇಳಲಿಲ್ಲ. ಬೇರೆ ವಿವರಣೆಗಾಗಿ ಹುಡುಕಿ, ದೊರೆಯದಿದ್ದಾಗ ಅದನ್ನೊಂದು ಒಗಟೆಂದೇ ದಾಖಲಿಸಿದರು.

ವೈಯಕ್ತಿಕ ಜೀವನ

ಕಾಕ್ರೇನ್ ಅವರು ಅವಿವಾಹಿತರಾಗಿದ್ದರು. ಕಾರ್ಡಿಫ್‌ಗೆ ಸಮೀಪದ ರೂಸ್ ಎಂಬ ಹಳ್ಳಿಯ ತೋಟದ ಮನೆಯಲ್ಲಿ ವಾಸಿಸುತ್ತಿದ್ದ ಅವರಿಗೆ ತೋಟಗಾರಿಕೆ ಮತ್ತು ಆಧುನಿಕ ಕಲಾಕೃತಿಗಳ ಸಂಗ್ರಹದಲ್ಲಿ ವಿಶೇಷ ಆಸಕ್ತಿಯಿತ್ತು. ಪಾರ್ಫೈರಿಯಾ ಎಂಬ ಆನುವಂಶಿಕ ಕಾಯಿಲೆ ತಮ್ಮ ಕುಟುಂಬದಲ್ಲಿದೆ, ತಮಗೂ ಇದೆ ಎಂಬುದು ಅವರಿಗೆ ನಡುವಯಸ್ಸು ದಾಟುವ ಹೊತ್ತಿಗೆ ತಿಳಿದುಬಂದಿತು. ಆಗ ಗಣಿಕಣಿವೆಯಲ್ಲಿ ಅನುಸರಿಸಿದ ಕ್ರಮವನ್ನೇ ಇಲ್ಲಿಯೂ ಅನುಸರಿಸಿ, ಹತ್ತಿರದ ಮತ್ತು ದೂರದ ಬಂಧುಗಳನ್ನೆಲ್ಲ ಪತ್ತೆಹಚ್ಚಿ ಪರೀಕ್ಷೆಗೆ ಮಾದರಿಗಳನ್ನು ಸಂಗ್ರಹಿಸಿದರು. ಈ ಕಾಯಿಲೆಯವರಿಗೆ ಕೆಲವು ಸಾಮಾನ್ಯ ಔಷಧಗಳೂ ಅಪಾಯಕಾರಿಯಾದ್ದರಿಂದ ಬಂಧುಗಳಿಗೆ ಈ ಮಾಹಿತಿ ಅತ್ಯಗತ್ಯವಾಗಿತ್ತು.

ಅವರಿಗೆ 1968ರಲ್ಲಿ ಸಿಬಿಇ ಗೌರವ ಲಭಿಸಿತು. 1972ರಲ್ಲಿ ಸ್ಥಾಪನೆಯಾದ ಬ್ರಿಟನ್ನಿನ ಸಮುದಾಯ ವೈದ್ಯಶಾಸ್ತ್ರ ವಿಭಾಗದ ಮೊದಲ ಅಧ್ಯಕ್ಷರೂ ಅವರೇ. 1988ರ ಜೂನ್ 18ರಂದು ಅವರು ನಿಧನರಾದರು. ಮ್ಯಾಕ್ಸ್ ಬ್ಲೈದ್ ಅವರೊಡನೆ ರಚಿಸಿದ ಆತ್ಮಕಥೆ ಒನ್ ಮ್ಯಾನ್ಸ್ ಮೆಡಿಸಿನ್ ಮರುವರ್ಷ ಪ್ರಕಟವಾಯಿತು.

ಪ್ರಭಾವ ಮತ್ತು ಪರಂಪರೆ

1979ರ ಪ್ರಬಂಧವೊಂದರಲ್ಲಿ ಕಾಕ್ರೇನ್ ಅವರು, ನಡೆದಿರುವ ಎಲ್ಲ ಪ್ರಯೋಗಗಳ ಫಲಿತಾಂಶಗಳನ್ನು ವಿಭಾಗವಾರು ಒಟ್ಟುಗೂಡಿಸಿ, ತೂಗಿನೋಡಿ, ಕಾಲಕಾಲಕ್ಕೆ ಪರಿಷ್ಕರಿಸುವ ವ್ಯವಸ್ಥೆಯನ್ನು ವೈದ್ಯವೃತ್ತಿ ರೂಪಿಸಿಕೊಂಡಿಲ್ಲವೆಂದು ಟೀಕಿಸಿದರು. ಪುರಾವೆಯ ವಿಷಯದಲ್ಲಿ ಪ್ರಸೂತಿ ವಿಭಾಗವೇ ಎಲ್ಲಕ್ಕಿಂತ ಹಿಂದುಳಿದಿದೆ ಎಂದೂ ದೂರಿದರು. ಈ ಟೀಕೆಯನ್ನು ಸವಾಲಾಗಿ ಸ್ವೀಕರಿಸಿದ ಇಯನ್ ಚಾಮರ್ಸ್ ಮತ್ತು ಸಂಗಡಿಗರು ಗರ್ಭಧಾರಣೆ ಹಾಗೂ ಹೆರಿಗೆಗೆ ಸಂಬಂಧಿಸಿದ ಪ್ರಯೋಗಗಳನ್ನೆಲ್ಲ ಕಲೆಹಾಕಿ ಬೃಹತ್ ಗ್ರಂಥವನ್ನು ಸಿದ್ಧಪಡಿಸಿದರು. ಅದಕ್ಕೆ ಮುನ್ನುಡಿ ಬರೆದ ಕಾಕ್ರೇನ್ ಅವರು ತಮ್ಮ ದೂರನ್ನು ಹಿಂತೆಗೆದುಕೊಂಡರು.

ಚಾಮರ್ಸ್ ಅವರ ನೇತೃತ್ವದಲ್ಲಿ 1992ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಕಾಕ್ರೇನ್ ಕೇಂದ್ರವೂ 1993ರಲ್ಲಿ ಅಂತರರಾಷ್ಟ್ರೀಯ ಕಾಕ್ರೇನ್ ಕೊಲಾಬರೇಷನ್ ಸಂಸ್ಥೆಯೂ ಆರಂಭವಾದವು. ಈ ಸಂಸ್ಥೆ ಪ್ರಕಟಿಸುವ ವ್ಯವಸ್ಥಿತ ವಿಮರ್ಶೆಗಳ ಸಂಗ್ರಹವೇ ಕಾಕ್ರೇನ್ ಲೈಬ್ರರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2007ರಲ್ಲಿ ಭಾರತದ ಎಲ್ಲರಿಗೂ ಇದನ್ನು ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ದಕ್ಷಿಣ ಏಷ್ಯಾದ ಕಾಕ್ರೇನ್ ಕೇಂದ್ರ ಸ್ಥಾಪನೆಯಾಯಿತು.

ಸಂಸ್ಥೆಯ ಲಾಂಛನದಲ್ಲಿ ವೃತ್ತದ ನಡುವೆ ಕೆಲವು ಅಡ್ಡಗೆರೆಗಳಿವೆ. ಅವು ಏಳು ಪ್ರಯೋಗಗಳನ್ನು ಸೂಚಿಸುತ್ತವೆ. ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವವಿರುವ ತಾಯಂದಿರಿಗೆ ಕಡಿಮೆ ಬೆಲೆಯ ಸ್ಟೆರಾಯ್ಡ್ ಔಷಧ ನೀಡಿದರೆ ಶಿಶುವಿನ ಶ್ವಾಸಕೋಶ ಬೇಗ ಬಲಿತು ಬದುಕುವ ಸಾಧ್ಯತೆ ಹೆಚ್ಚುತ್ತದೆಯೇ ಎಂಬುದು ಆ ಪ್ರಯೋಗಗಳ ವಿಷಯ. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲಿಯೇ ಮೊದಲ ಫಲಿತಾಂಶವನ್ನು ಪ್ರಕಟಿಸಿದ್ದರು. ಬಿಡಿಬಿಡಿಯಾಗಿ ನೋಡಿದಾಗ ಅನಿಶ್ಚಿತವೆನಿಸಿದ ಹಲವು ಪ್ರಯೋಗಗಳನ್ನು ಒಟ್ಟಿಗೆ ಸೇರಿಸಿದಾಗ ಪ್ರಯೋಜನ ಸ್ಪಷ್ಟವಾಯಿತು. ಆದರೆ ಹಾಗೆ ಸೇರಿಸಿ ನೋಡಲು ಹಲವು ವರ್ಷಗಳೇ ಹಿಡಿದವು. ಈ ನಡುವೆ ಬಹುಮಂದಿ ವೈದ್ಯರಿಗೆ ವಿಷಯ ತಿಳಿಯದೆ, ಬದುಕಬಹುದಾಗಿದ್ದ ಅನೇಕ ಶಿಶುಗಳು ಸತ್ತವು. ಕಾಕ್ರೇನ್ ಅವರು ಬಯಸಿದ ವ್ಯವಸ್ಥೆ ಇಲ್ಲದಿದ್ದುದಕ್ಕೆ ತೆತ್ತ ಬೆಲೆಯ ನೆನಪಾಗಿ ಆ ಗೆರೆಗಳು ಇಂದಿಗೂ ಸಂಸ್ಥೆಯ ಲಾಂಛನದಲ್ಲಿ ಉಳಿದಿವೆ.